ಇಂದ್ರಾಬಾಯಿಯ ಏಳು ನಿಮಿಷದ ಪಿಚ್ಚರುಗಳು

ಗೋರೆಗಾಂವ್ ಫಿಲ್ಮ್ ಸಿಟಿಯ ಗುಂಪುಗಳಲ್ಲಿ ಇಂದ್ರಾಬಾಯಿ ಹತ್ತೊಂಬತ್ತು ವರ್ಷ ನಿಂತಿದ್ದಾರೆ. ಅವರ ಕೆಲಸಕ್ಕೆ ಜೂನಿಯರ್ ಆರ್ಟಿಸ್ಟ್ ಎಂದು ಹೆಸರು. ಸೀರಿಯಲ್ಲಿನ ನಾಯಕಿ ಗುಡಿಯಲ್ಲಿ ಗಂಟೆ ಬಾರಿಸುವಾಗ ಹಿಂದೆ ಕಣ್ಣು ಮುಚ್ಚಿ ನಿಂತ ಹೆಂಗಸರಲ್ಲಿ ಒಬ್ಬರು, ಶ್ರೀಮಂತರ ಮನೆಯ ಸಾವಿನಲ್ಲಿ ಸೆರಗಿನಿಂದ ಮೂಗು ಒರೆಸಿಕೊಳ್ಳುವವರಲ್ಲಿ ಒಬ್ಬರು, ಆಸ್ಪತ್ರೆಯ ಕಾರಿಡಾರಿನಲ್ಲಿ ಟ್ರೇ ಹಿಡಿದು ದಾಟಿ ಹೋಗುವ ನರ್ಸು. ಹನ್ನೊಂದು ಸಲ ಕ್ರೈಸ್ತ ಸನ್ಯಾಸಿನಿಯ ವೇಷ ಹಾಕಿದ್ದಾರೆ. ಅವರು ನಿಜಕ್ಕೂ ಕ್ರೈಸ್ತರೆಂಬುದು ಸೆಟ್ಟಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎದೆಯ ಮೇಲೆ ಶಿಲುಬೆಯ ಗುರುತು ಹೇಗೆ ಮಾಡಬೇಕೆಂದು ಯಾರಾದರೊಬ್ಬ ಅಸಿಸ್ಟೆಂಟ್ ಪ್ರತಿಸಲ ಹೊಸದಾಗಿ ಕಲಿಸುತ್ತಿದ್ದ. ಇಂದ್ರಾಬಾಯಿ ಮೆಥೊಡಿಸ್ಟ್ ಸಭೆಯವರು. ಅವರಲ್ಲಿ ಆ ರೂಢಿ ಇಲ್ಲ. ಹಾಗಾಗಿ ಅದನ್ನು ಅವರು ಕಲಿತದ್ದು ಸೀರಿಯಲ್ಲಿನಲ್ಲೇ.

ಹುಟ್ಟಿದ್ದು ಬೀದರ ಜಿಲ್ಲೆಯ ಭಾಲ್ಕಿ ಕಡೆಯ ಒಂದು ಹಳ್ಳಿಯಲ್ಲಿ. ಗಂಡ ಧನರಾಜ್ ಗೌಂಡಿ ಕೆಲಸ ಬಲ್ಲವರು. ಮದುವೆಯಾದ ವರ್ಷವೇ ಇಬ್ಬರೂ ಮುಂಬಯಿಗೆ ಬಂದು ಗೋರೆಗಾಂವ್ ಪೂರ್ವದಲ್ಲಿ ಏಳುತ್ತಿದ್ದ ಬಿಲ್ಡಿಂಗುಗಳಲ್ಲಿ ದುಡಿಯತೊಡಗಿದರು. ಒಂದು ಬೆಳಿಗ್ಗೆ ಶೂಟಿಂಗಿಗೆ ಜನ ಒದಗಿಸುವ ಕೋಆರ್ಡಿನೇಟರ್ ಒಬ್ಬ ಕೆಲಸದ ಜಾಗಕ್ಕೆ ಓಡಿಬಂದ. ಹಳ್ಳಿಯ ದೃಶ್ಯಕ್ಕೆ ಹೇಳಿದ್ದ ಇಪ್ಪತ್ತು ಹೆಂಗಸರು ಕೈಕೊಟ್ಟಿದ್ದರಂತೆ. ಇಂದ್ರಾಬಾಯಿ ತಲೆಯ ಮೇಲಿನ ಸಿಂಬೆಯನ್ನೂ ತೆಗೆಯದೆ ಹೋಗಿ ನಿಂತರು. ಮೇಕಪ್‌ನವನು ಅವರನ್ನು ನೋಡಿ, ಇವರಿಗೆ ಏನೂ ಬೇಕಾಗಿಲ್ಲ ಎಂದ. ಮರುದಿನವೂ ಕರೆ ಬಂತು.

ಆ ಕೆಲಸದಲ್ಲಿ ಅವರು ಮೊದಲು ಕಲಿತದ್ದು ತುಟಿ ಆಡಿಸುವುದನ್ನು. ಮುಂದೆ ನಾಯಕ ನಾಯಕಿ ಮಾತಾಡುವಾಗ ಹಿಂದಿನ ಗುಂಪು ದನಿ ಮಾಡುವಂತಿಲ್ಲ, ಆದರೆ ಮಾತಾಡುತ್ತಿರುವಂತೆ ಕಾಣಬೇಕು. ಕೆಲವರು ಒಂದು ಎರಡು ಮೂರು ಎಣಿಸುತ್ತಾರೆ. ಇಂದ್ರಾಬಾಯಿ ಮಾತ್ರ ಸಂತೆಯ ಪಟ್ಟಿ ಹೇಳುತ್ತಾರೆ: ಉಳ್ಳಾಗಡ್ಡಿ, ಬೆಳ್ಳೊಳ್ಳಿ, ತೊಗರಿಬ್ಯಾಳಿ, ಕೊತ್ತಂಬರಿ. ದೇವರ ಮುಂದೆ ನಿಂತ ಭಕ್ತೆಯಾಗಿಯೂ ಅದೇ ಪಟ್ಟಿ. ಅವರ ಮುಖದ ಭಕ್ತಿಯನ್ನು ಮೆಚ್ಚಿ ಡೈರೆಕ್ಟರ್ ಒಬ್ಬರು ಒಮ್ಮೆ ಅವರನ್ನು ಮುಂದಿನ ಸಾಲಿಗೆ ಕರೆದದ್ದುಂಟು.

ಅವರ ಸಭೆ ಚಿಕ್ಕದು. ಕನ್ನಡದವರದೇ ನಲವತ್ತು ಮನೆ. ಒಂದು ಶಾಲೆಯ ಹಾಲ್‌ನಲ್ಲಿ ಬೆಳಿಗ್ಗೆ ಮರಾಠಿ ಆರಾಧನೆ, ನಂತರ ಹಿಂದಿ; ಮಧ್ಯಾಹ್ನ ಮೂರೂವರೆಗೆ ಇವರ ಸರದಿ. ಸಭೆಗೆ ಇಪ್ಪತ್ತೈದು ವರ್ಷ ತುಂಬಿದಾಗ ಒಂದು ವಿಡಿಯೋ ಆಗಬೇಕೆಂದು ಪಾಸ್ಟರ್ ಬಯಸಿದರು. ಮದುವೆ ಶೂಟಿಂಗ್ ಮಾಡುವವನೊಬ್ಬ ಬಂದು ಡ್ರೋನ್ ಹಾರಿಸಿದ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೈಮುಗಿಸಿದ, ಮಕ್ಕಳ ಕೈಗೆ ಮೇಣದಬತ್ತಿ ಕೊಟ್ಟ. ಅದನ್ನು ತೋರಿಸಿದ ಭಾನುವಾರ ಹಿಂದಿನ ಸಾಲಿನಲ್ಲಿ ಕೂತಿದ್ದ ಇಂದ್ರಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಗು ಅಕ್ಕಪಕ್ಕಕ್ಕೆ ಹಬ್ಬಿತು.

“ಏನಾಯ್ತ್ರಿ ಇಂದ್ರಾಬಾಯಿ?” ಎಂದರು ಪಾಸ್ಟರ್.

“ಏನಿಲ್ರಿ. ನಾ ದಿನಾ ಮಾಡೋ ಕೆಲ್ಸಾನೇ ಇಲ್ಲಿ ಎಲ್ಲಾರೂ ಪುಕ್ಕಟ ಮಾಡ್ಲತ್ತಾರ ನೋಡ್ರಿ.”

ಪಾಸ್ಟರ್ ಸಿಟ್ಟಾಗಲಿಲ್ಲ. “ಹಂಗಾದ್ರ ನೀವೇ ಮಾಡ್ರಿ. ನಮ್ಮ ಜನ ಹ್ಯಾಂಗ ಬದುಕ್ತಾರ ಅಂತ ಒಂದು ಪಿಚ್ಚರ್ ಮಾಡ್ರಿ. ಕಾಣಿಕಿಗಿ ಮೊದಲು ನಿಮಗ ಏಳು ನಿಮಿಷ ಕೊಡ್ತೀನಿ,” ಎಂದರು. ತಮಾಷೆಗೆ ಹೇಳಿದ್ದನ್ನು ಇಂದ್ರಾಬಾಯಿ ಗಟ್ಟಿಯಾಗಿ ಹಿಡಿದುಕೊಂಡರು.

ಕ್ಯಾಮರಾ ಎಂದರೆ ಮಗಳು ನಮಿತಾಳ ಫೋನು. ನಮಿತಾ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಕನ್ನಡ ಅರ್ಥವಾಗುತ್ತಿತ್ತು, ಮಾತಿಗೆ ಹಿಂದಿಯೇ ಬರುತ್ತಿತ್ತು. ದನಿ ಹಿಡಿಯಲು ರಫೀಕ ಬಂದ. ವಿಜಯಪುರದವನಾದ ರಫೀಕ ಫಿಲ್ಮ್ ಸಿಟಿಯಲ್ಲಿ ಸೌಂಡ್ ಅಸಿಸ್ಟೆಂಟ್. ಸೆಟ್ಟಿನಲ್ಲಿ ಕನ್ನಡ ಮಾತಾಡಲು ಸಿಗುತ್ತಿದ್ದವನು ಅವನೊಬ್ಬನೇ ಆದ್ದರಿಂದ ಇಂದ್ರಾಬಾಯಿಗೆ ತಮ್ಮನಂತಾಗಿದ್ದ. “ನಮಾಜಿಗೆ ಹೊತ್ತಾದ್ರ ಹೋಗ್ತೀನ್ರಿ ಅಕ್ಕಾ, ಉಳದ ಟೈಮಿಗೆ ನಾ ನಿಮ್ಮಾಂವ,” ಎಂದು ಮೊದಲೇ ಹೇಳಿದ.

ಮೊದಲ ಎರಡು ತಿಂಗಳು ಏನೂ ಆಗಲಿಲ್ಲ. ಫೋನು ಎತ್ತಿದ ಕೂಡಲೇ ಸಭೆಯವರೆಲ್ಲ ಬೇರೆ ಮನುಷ್ಯರಾಗುತ್ತಿದ್ದರು. ತರಕಾರಿ ಮಾರುವ ಹೆಂಗಸು ಗಿರಾಕಿಯನ್ನು ಬಿಟ್ಟು ಆಕಾಶ ನೋಡಿದಳು. ವಾಚ್‌ಮನ್ ಒಬ್ಬರು ಗೇಟಿನ ಬಳಿ ಮೊಣಕಾಲೂರಿದರು. ಆರು ವರ್ಷದಿಂದ ಮಂಡಿ ನೋವೆಂದು ಅವರು ಚರ್ಚಿನಲ್ಲೂ ಮೊಣಕಾಲೂರಿದ್ದಿಲ್ಲ. ಇಂದ್ರಾಬಾಯಿಗೆ ಮಾತ್ರ ನೋಡಿದ ತಕ್ಷಣ ಗೊತ್ತಾಗುತ್ತಿತ್ತು. “ಇದು ನಟನಿ. ಅಳಿಸು,” ಎನ್ನುತ್ತಿದ್ದರು. ನಮಿತಾ ಅಳಿಸುತ್ತಿದ್ದಳು.

ಆಮೇಲೆ ನಾದಿನಿ ದೇವಕ್ಕನ ಸರದಿ ಬಂತು. ದೇವಕ್ಕ ಮಾಟುಂಗದ ಒಂದು ಹಳೆಯ ಬಿಲ್ಡಿಂಗಿನ ನಾಲ್ಕನೇ ಮಾಳಿಗೆಯ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಮನೆಯೊಡತಿ ಒಂದು ಗಂಟೆಯ ಮಟ್ಟಿಗೆ ಒಪ್ಪಿದ್ದರು. ಇವರು ಮೂವರೂ ದಾದರಿನಲ್ಲಿ ಲೋಕಲ್ ರೈಲು ಬದಲಿಸಿ ಮಾಟುಂಗಕ್ಕೆ ಬಂದು ದೇವಕ್ಕನ ಹಿಂದೆ ಲಿಫ್ಟಿನತ್ತ ನಡೆದರು. ಲಿಫ್ಟಿನ ಪಕ್ಕದ ಗೋಡೆಯಲ್ಲಿ ಒಂದು ಬೋರ್ಡಿತ್ತು: ಕೆಲಸದವರು ಮೆಟ್ಟಿಲು ಬಳಸಬೇಕು. ಇಂದ್ರಾಬಾಯಿ ಅಲ್ಲೇ ನಿಂತರು.

“ಹತ್ತಿ ಹತ್ತಿ, ಎಂತ ನೋಡುದು ಮಾರಾಯ್ತಿ!” ಎಂದು ಒಳಗಿನಿಂದ ದನಿ ಬಂತು. ಖಾಕಿ ಅಂಗಿ ತೊಟ್ಟ ಮುದುಕರೊಬ್ಬರು ಸ್ಟೂಲಿನ ಮೇಲೆ ಕೂತು ಜಾಲಿಬಾಗಿಲು ಎಳೆದು ಹಿಡಿದಿದ್ದರು. “ಆ ಬೋರ್ಡಿಗೆ ಕಣ್ಣಿಲ್ಲ. ನನಗುಂಟು.”

ಅವರೇ ದೂಜ, ಆ ಬಿಲ್ಡಿಂಗಿನ ಲಿಫ್ಟ್‌ಮನ್. ಮಂಗಳೂರಿನ ಕಡೆಯ ಕ್ಯಾಥೊಲಿಕರು, ಮನೆ ಚೆಂಬೂರಿನಲ್ಲಿ. ಇಪ್ಪತ್ತೆಂಟು ವರ್ಷದಿಂದ ಅದೇ ಲಿಫ್ಟು. ಹತ್ತು ವರ್ಷದಿಂದ ದೇವಕ್ಕನನ್ನು ದಿನಾ ಮೇಲೆ ಕರೆದೊಯ್ಯುತ್ತಿದ್ದರು.

ಲಿಫ್ಟು ಗುಂಯ್ ಎಂದು ನಿಧಾನಕ್ಕೆ ಏರಿತು. ಇಂದ್ರಾಬಾಯಿ ದೂಜರ ತುಟಿ ನೋಡಿದರು. ಅವು ಸಣ್ಣಗೆ ಆಡುತ್ತಿದ್ದವು. ಒಂದು ಗಂಟೆಯ ನಂತರ ಇಳಿಯುವಾಗಲೂ ಆಡುತ್ತಿದ್ದವು. ಗುಂಪಿನಲ್ಲಿ ನಿಂತು ನೂರಾರು ಜನರ ಸುಳ್ಳು ಮಾತಿನ ತುಟಿ ನೋಡಿದ್ದ ಹೆಂಗಸು ಅವರು. ಈ ತುಟಿ ಸುಳ್ಳಲ್ಲ, ಇದು ಪ್ರತಿಸಲ ಅದೇ ಮಾತನ್ನು ಹೇಳುತ್ತಿದೆ ಎಂದು ಅವರಿಗೆ ಹೊಳೆಯಿತು.

“ದೇವಕ್ಕನ ಪಿಚ್ಚರ್ ಆಮ್ಯಾಲ ಮಾಡಮು. ನನಗ ಈ ಅಣ್ಣಾರು ಬೇಕು,” ಎಂದರು ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ.

“ಆದ್ರ ಅವರು ನಮ್ ಚರ್ಚ್ ಕೆ ನಹೀ ಹೈ ನಾ, ಅವ್ವ?”

“ಇಲ್ಲಾಂದ್ರ ಏನಾಯ್ತು? ಪಾಸ್ಟರ್ ನಮ್ಮ ಜನ ಅಂದಾರ. ನಮ್ಮ ಚರ್ಚಿನ ಜನ ಅಂದಿಲ್ಲ.”

ದೂಜ ಸುಲಭವಾಗಿಯೇ ಒಪ್ಪಿದರು. ಎರಡು ಶನಿವಾರ ಇವರು, ಜಾಗವಿದ್ದಾಗ ಮೂವರೂ, ಇಲ್ಲದಾಗ ನಮಿತಾ ಒಬ್ಬಳೇ, ಆ ಲಿಫ್ಟಿನ ಮೂಲೆಯಲ್ಲಿ ಅಂಟಿಕೊಂಡು ನಿಂತರು. ದೂಜ ಕ್ಯಾಮರಾಗೆ ಸೊಪ್ಪು ಹಾಕುವವರಲ್ಲ. ಬೆಳಿಗ್ಗೆ ಹಿತ್ತಾಳೆಯ ಹಿಡಿಕೆ ಉಜ್ಜಿದರು. ಹಾಲಿನವನು, ಶಾಲೆಗೆ ಹೊರಟ ಹುಡುಗಿಯರು, ಗುಡಿಗೆ ಹೂವಿನ ಬುಟ್ಟಿ ಹಿಡಿದ ತಮಿಳು ಅಜ್ಜಿ, ಗ್ಯಾಸ್ ಸಿಲಿಂಡರ್ ಹೊತ್ತವನು, ಆ ಬೋರ್ಡಿನ ಮುಂದಿನಿಂದಲೇ ದೇವಕ್ಕ, ಎಲ್ಲರೂ ಹತ್ತಿದರು, ಇಳಿದರು. ಮಧ್ಯಾಹ್ನ ಸ್ಟೂಲಿನ ಮೇಲೆ ಡಬ್ಬಿ ಬಿಚ್ಚಿ ಕುಚ್ಚಲಕ್ಕಿ ಅನ್ನ ಉಂಡರು. ನಮಿತಾ ಎಲ್ಲವನ್ನೂ ತೆಗೆದಳು.

ಎರಡನೇ ಶನಿವಾರ ಇಂದ್ರಾಬಾಯಿ ಕ್ಯಾಮರಾ ಮುಂದೆಯೇ ಕೇಳಿದರು: “ಅಣ್ಣಾರ, ಲಿಫ್ಟ್ ಮ್ಯಾಲ ಹೋಗೋವಾಗ ಮನಸಿನಾಗ ಏನ್ ನೆನಸ್ತೀರಿ?”

“ಎಂತ ನೆನೆಸುದು? ಎಷ್ಟನೇ ಮಾಳಿಗೆ ಅಂತ ನೆನೆಸುದು.”

ಅಷ್ಟೇ. ನಮಿತಾ ಫೋನನ್ನು ಚೀಲಕ್ಕೆ ಹಾಕಿದಳು. ಚಹಾದವನು ಬಂದ. ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತ ಇಂದ್ರಾಬಾಯಿ ಸೆಟ್ಟಿನ ಕಥೆ ತೆಗೆದರು. ದೇವರ ಮುಂದೆ ಕಣ್ಣು ಮುಚ್ಚಿ ತಾವು ಉಳ್ಳಾಗಡ್ಡಿ, ಬೆಳ್ಳೊಳ್ಳಿ ಎಂದು ತುಟಿ ಆಡಿಸುವುದನ್ನು ಮಾಡಿ ತೋರಿಸಿದರು. ದೂಜ ಕೆಮ್ಮು ಬರುವಷ್ಟು ನಕ್ಕರು. ಕಣ್ಣೊರೆಸಿಕೊಂಡರು.

“ನಿಮ್ಮದು ಹೇಳಿದಿರಿ. ಹಾಗಾದರೆ ನಂದೂ ಹೇಳ್ತೇನೆ,” ಎಂದರು. “ಈ ಕೆಲಸಕ್ಕೆ ಸೇರುವಾಗ ನನಗೆ ಲಿಫ್ಟ್ ಅಂದರೆ ಹೆದರಿಕೆ, ಗೊತ್ತುಂಟಾ? ಹಗ್ಗ ತುಂಡಾದರೆ ಅಂತ. ಅದಕ್ಕೆ ಹೋಗುವಾಗ ಬರುವಾಗ ಒಂದೊಂದು ನಮಾನ್ ಮೊರಿಯೆ ಹೇಳ್ತಿದ್ದೆ, ನಮ್ಮ ಮರಿಯಮ್ಮನ ಪ್ರಾರ್ಥನೆ. ಆರು ತಿಂಗಳಲ್ಲಿ ಹೆದರಿಕೆ ಹೋಯಿತು. ಪ್ರಾರ್ಥನೆ ಬಾಯಿಗೆ ಅಂಟಿಕೊಂಡಿತ್ತು. ಇನ್ನು ಅದನ್ನು ಎಂತ ಮಾಡುದು? ಒಳಗೆ ನಿಂತವರಿಗಾಗಿ ಹೇಳ್ಲಿಕ್ಕೆ ಶುರು ಮಾಡಿದೆ. ನಾಲ್ಕನೇ ಮಾಳಿಗೆಗೆ ಒಂದು ಸರಿಯಾಗಿ ಮುಗಿತದೆ. ಎರಡನೆಯವರಿಗೆ ಅರ್ಧ ಆಗುದು. ಉಳಿದ ಅರ್ಧ ಅವರು ಇಳಿಯುವಾಗ.”

“ಹೆಸರು ತೊಗೊಂಡು ಹೇಳ್ತೀರೇನ್ರಿ?”

“ಮತ್ತೆ? ಕೊನೆಗೆ ಹೆಸರು. ಗೊತ್ತಿಲ್ಲದವರದು ಮಾಳಿಗೆ ನಂಬರ್. ಸ್ವರ್ಗದಲ್ಲಿ ಅರ್ಥ ಆಗ್ತದೆ.”

ಆಗ ಮೂರನೇ ಮಾಳಿಗೆಯಿಂದ ಬೆಲ್ ಆಯಿತು. ದೂಜ ಗ್ಲಾಸು ಇಟ್ಟು ಎದ್ದರು.

ಗೋರೆಗಾಂವ್ ಲೋಕಲ್ಲಿನಲ್ಲಿ ರಫೀಕ ಮುಖ ಸಣ್ಣ ಮಾಡಿಕೊಂಡು ಹೆಡ್‌ಫೋನನ್ನು ಇಂದ್ರಾಬಾಯಿಯ ಕೈಗೆ ಕೊಟ್ಟ. “ಅಕ್ಕಾ, ತಪ್ಪ ನಂದ ಐತಿ. ದೂಜಣ್ಣನ ಅಂಗಿ ಮ್ಯಾಗಿನ ಮೈಕ್ ಬಂದ್ ಮಾಡೂದು ಮರತಿದ್ದೆ. ಎಲ್ಲಾ ರಿಕಾರ್ಡ್ ಆಗೇತಿ.”

ಅವರು ಕೇಳಿದರು. ನಗು, ಕೆಮ್ಮು, ಗ್ಲಾಸಿನ ಸದ್ದು, ಪ್ರತಿ ಮಾತೂ ನೀರಿನಷ್ಟು ತಿಳಿಯಾಗಿ.

ಮನೆಯಲ್ಲಿ ನಮಿತಾ ಆ ದನಿಯನ್ನು ಲಿಫ್ಟಿನ ಚಿತ್ರದ ಮೇಲೆ ಕೂಡಿಸಿ ತೋರಿಸಿದಳು. ನೋಡುತ್ತಿದ್ದ ಧನರಾಜ್ ತಟ್ಟೆಯಲ್ಲಿನ ರೊಟ್ಟಿ ಮರೆತರು. ನಿಜಕ್ಕೂ ಚೆನ್ನಾಗಿತ್ತು. ಇಂದ್ರಾಬಾಯಿ ತಲೆ ಅಲ್ಲಾಡಿಸಿದರು.

“ಅಣ್ಣಾರು ಕ್ಯಾಮರಾಗ ಹೇಳಿಲ್ಲ. ನನಗ ಹೇಳ್ಯಾರ.”

“ಅವ್ವ, ಯೇ ತೋ ಮೇನ್ ಪಾರ್ಟ್ ಹೈ! ಇದು ಇಲ್ಲಾಂದ್ರೆ ಪಿಚ್ಚರ್ ಮೆ ಕ್ಯಾ ಹೈ? ಲಿಫ್ಟ್ ಮ್ಯಾಲ ಹೋಗ್ತದ, ಕೆಳಗ ಬರ್ತದ.”

“ಕೇಳಿ ಬರ್ತೀನಿ ಇರು.”

ಮಂಗಳವಾರ ಶೂಟಿಂಗ್ ಇರಲಿಲ್ಲ. ಇಂದ್ರಾಬಾಯಿ ಒಬ್ಬರೇ ಮಾಟುಂಗಕ್ಕೆ ಹೋಗಿ, ಮಧ್ಯಾಹ್ನದ ಬಿಡುವಿನಲ್ಲಿ ದೂಜರ ಕಿವಿಗೆ ಹೆಡ್‌ಫೋನ್ ಹಾಕಿದರು. ದೂಜ ತಮ್ಮದೇ ದನಿ ಕೇಳುತ್ತ ಮೊದಲು ಹುಬ್ಬೇರಿಸಿದರು. ನಗುವ ಜಾಗ ಬಂದಾಗ ಮತ್ತೆ ನಕ್ಕರು. ಮುಗಿದ ಮೇಲೆ ಹೆಡ್‌ಫೋನನ್ನು ಮಡಿಲಲ್ಲಿಟ್ಟುಕೊಂಡರು.

“ಚಂದ ಉಂಟು. ಆದರೆ ಇದು ಬೇಡ ಇಂದ್ರಾಬಾಯಿ.”

“ಯಾಕ ಅಂತ ಕೇಳ್ಬಹುದಾ ಅಣ್ಣಾರ?”

“ಇಲ್ಲಿಯವರಿಗೆ ಗೊತ್ತಾದರೆ ನಾಳೆಯಿಂದ ಲಿಫ್ಟಲ್ಲಿ ನನ್ನ ಬಾಯಿಯನ್ನೇ ನೋಡ್ತಾರೆ. ಕೆಲವರು ಥ್ಯಾಂಕ್ಸ್ ಹೇಳ್ತಾರೆ. ಕೆಲವರಿಗೆ ಸಿಟ್ಟೂ ಬಂದೀತು, ಅವರವರ ದೇವರು ಅವರಿಗುಂಟಲ್ಲ. ಮತ್ತೆ ನನಗೆ ಹೇಳ್ಲಿಕ್ಕೇ ಆಗುದಿಲ್ಲ. ಬೇರೆ ಊರಿನವರಿಗೆ ಕಥೆ ಮಾಡಿ ಹೇಳಿ, ಅಡ್ಡಿ ಇಲ್ಲ. ಈ ಬಿಲ್ಡಿಂಗಿಗೆ ಬೇಡ.”

ಇಂದ್ರಾಬಾಯಿ ಒಪ್ಪಿದರು. ಇನ್ನೊಂದು ಕೇಳಬೇಕಿತ್ತು. “ಬೋರ್ಡಿನ ಮುಂದಿನಿಂದ ದೇವಕ್ಕ ಲಿಫ್ಟ್ ಹತ್ತೋದು ಪಿಚ್ಚರದಾಗ ಬಂದದ. ಅದು ತೆಗೀಲಾ? ನಿಮ್ಮ ಕೆಲಸಕ್ಕ ಏನಾರ ಆದ್ರ?”

ದೂಜ ಈ ಸಲ ಯೋಚಿಸಲೇ ಇಲ್ಲ. “ಅದು ಇರ್ಲಿ. ಅದು ಗುಟ್ಟಲ್ಲ. ಎಲ್ಲರೂ ನೋಡಿದ್ದಾರೆ, ಯಾರೂ ನೋಡಿಲ್ಲದ ಹಾಗೆ ಇದ್ದಾರೆ ಅಷ್ಟೇ.”

ಅಂದು ಸಂಜೆ ಇಂದ್ರಾಬಾಯಿ ರಫೀಕನೆದುರೇ ಆ ಚಹಾದ ಹೊತ್ತಿನ ದನಿಯನ್ನು ಅಳಿಸಿಹಾಕಿಸಿದರು. ನಮಿತಾ ಎರಡು ದಿನ ಮುನಿಸಿಕೊಂಡಳು. ಮೂರನೇ ದಿನ ತಾನೇ ತಾಯಿಯನ್ನು ಕೂಗಿದಳು. ಮಾತಿಲ್ಲದೆ ಬರೀ ಚಿತ್ರವನ್ನು ಓಡಿಸಿ ನೋಡುವಾಗ ಅವಳಿಗೂ ಆ ತುಟಿಗಳು ಕಂಡಿದ್ದವು. “ಅವ್ವ, ನೋಡು. ಹೂವಿನ ಅಜ್ಜಿ ಇದ್ದಾಗನೂ, ಸಿಲಿಂಡರ್‌ವಾಲಾ ಇದ್ದಾಗನೂ. ಸೇಮ್!” ಅವಳು ಆ ಮುಖವನ್ನೇ ಹಿಡಿದು ಪಿಚ್ಚರ್ ಕಟ್ಟಿದಳು. ರಫೀಕ ಜಾಲಿಬಾಗಿಲಿನ ಸದ್ದು, ಹಗ್ಗದ ಗುಂಯ್‌ಗುಡುವಿಕೆ, ಮಾಳಿಗೆ ಮಾಳಿಗೆಯ ಕುಕ್ಕರ್ ಸೀಟಿ ಕೂಡಿಸಿದ. ಒಂದೇ ಒಂದು ಮಾತು ಉಳಿಯಿತು: ಎಂತ ನೆನೆಸುದು? ಎಷ್ಟನೇ ಮಾಳಿಗೆ ಅಂತ ನೆನೆಸುದು.

ತೋರಿಸುವ ಮೊದಲು ಪಾಸ್ಟರ್ ಒಮ್ಮೆ ನೋಡಿದರು. “ಭಾಳ ಛಲೋ ಅದ. ಆದ್ರ ದೇವರ ಹೆಸರು ಎಲ್ಲೂ ಬಂದಿಲ್ಲಲ್ಲ? ಕೊನಿಗಿ ಬೈಬಲ್ಲಿನ ಒಂದು ವಾಕ್ಯ ಹಾಕಮು.”

“ವಾಕ್ಯ ನೀವು ಹೇಳ್ತೀರಲ್ರಿ ಪ್ರತಿ ಭಾನುವಾರ. ಪಿಚ್ಚರಕ್ಕ ಇಷ್ಟೇ ಇರ್ಲಿ.” ಪಾಸ್ಟರ್ ಗಡ್ಡ ಕೆರೆದುಕೊಂಡು ಒಪ್ಪಿದರು.

ಆ ಭಾನುವಾರ ಹಾಲ್‌ನಲ್ಲಿ ಬಿಸಿಲೋ ಬಿಸಿಲು. ಹೆಂಗಸರು ಮನೆಗಳಿಂದ ಸೀರೆ ತಂದು ಕಿಟಕಿಗಳಿಗೆ ಕಟ್ಟಿದರು. ಕೆಂಪು, ಹಸಿರು, ನೀಲಿ ಬೆಳಕಿನಲ್ಲಿ ಎಲ್ಲರ ಮುಖವೂ ಹಬ್ಬದಂತೆ ಕಾಣುತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ದೂಜ ಹೆಂಡತಿಯೊಡನೆ ಬಂದು ಕೊನೆಯ ಬೆಂಚಿನಲ್ಲಿ ಕೂತರು.

ಏಳು ನಿಮಿಷ ಯಾರೂ ಮಿಸುಕಲಿಲ್ಲ. ದೇವಕ್ಕ ಆ ಬೋರ್ಡಿನ ಮುಂದಿನಿಂದ ರಾಣಿಯಂತೆ ನಡೆದು ಲಿಫ್ಟ್ ಹತ್ತಿದಾಗ ಮಾತ್ರ ಹಾಲ್ ಪೂರಾ ಸೀಟಿ, ಚಪ್ಪಾಳೆ. ಅಲ್ಲಿದ್ದ ಹೆಂಗಸರಲ್ಲಿ ಅರ್ಧ ಮಂದಿ ಅಂಥ ಬಿಲ್ಡಿಂಗುಗಳ ಮೆಟ್ಟಿಲು ಹತ್ತುವವರೇ. ಮುಗಿಯುತ್ತಲೇ ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಗಟ್ಟಿಯಾಗಿ ಕೇಳಿದಳು: “ಆ ಅಜ್ಜ ಏನ್ ಅನ್ಲತ್ತಾನ?”

“ಮಾಳಿಗಿ ಎಣಿಸ್ಲತ್ತಾನ.”

“ಎಣಿಕಿ ಅಲ್ಲ, ಹಾಡು. ತುಟಿ ನೋಡು.”

“ಹಾಡಂತ! ಹೆಂಡ್ತಿಗಿ ಬೈಲತ್ತಾನ.”

ಎಲ್ಲರೂ ಹಿಂದೆ ತಿರುಗಿದರು. ದೂಜರ ಹೆಂಡತಿಯೂ ಗಂಡನತ್ತ ತಿರುಗಿದರು, ಅವರಿಗೂ ಗೊತ್ತಿರಲಿಲ್ಲ. ದೂಜ ಎದ್ದು ನಿಂತು, “ನಾನು ಹೇಳುದಿಲ್ಲ. ನೀವು ಹೇಳಿದ್ದೆಲ್ಲ ಸರಿ, ಬೈಯುದು ಒಂದು ಬಿಟ್ಟು,” ಎಂದು ಕೂತರು. ಪಾಸ್ಟರ್ ಕಾಣಿಕೆಯನ್ನೂ ಮರೆತು ನಗುತ್ತಿದ್ದರು. ಇಂದ್ರಾಬಾಯಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವರು ಮುಖ ತೋರಿಸಿದ ಯಾವ ಪರದೆಯ ಮುಂದೆಯೂ ಜನ ಹೀಗೆ ಸಂತೋಷಪಟ್ಟದ್ದನ್ನು ಅವರು ಕಂಡಿರಲಿಲ್ಲ.

ಪಿಚ್ಚರ್ ಸಭೆಯವರ ವಾಟ್ಸಪ್ಪಿನಿಂದ ಹೊರಟು, ಹೇಗೋ ಏನೋ, ಎರಡು ವಾರದಲ್ಲಿ ಮಾಟುಂಗದ ಆ ಬಿಲ್ಡಿಂಗಿನವರ ಗುಂಪಿಗೂ ತಲುಪಿತು. ದೇವಕ್ಕನಿಗೆ ಒಂದು ರಾತ್ರಿ ನಿದ್ದೆ ಬರಲಿಲ್ಲ. ಸೋಮವಾರ ಬೆಳಿಗ್ಗೆ ಹೆದರುತ್ತ ಹೋದಳು. ಲಿಫ್ಟಿನ ಪಕ್ಕದ ಗೋಡೆಯಲ್ಲಿ ನಾಲ್ಕು ಮೊಳೆಯ ತೂತು ಮಾತ್ರ ಇತ್ತು. ಬೋರ್ಡನ್ನು ಯಾರು ತೆಗೆದರು, ಯಾವಾಗ ತೆಗೆದರು ಎಂದು ಯಾರೂ ಹೇಳಲಿಲ್ಲ. ಹೂವಿನ ಬುಟ್ಟಿಯ ತಮಿಳು ಅಜ್ಜಿ ಮಾತ್ರ, ಪಿಚ್ಚರಿನಲ್ಲಿ ತಾನು ದಪ್ಪ ಕಾಣುತ್ತೇನೆಂದು ದೂಜರ ಬಳಿ ದೂರಿದರಂತೆ.

ಆ ವರ್ಷ ಇಂದ್ರಾಬಾಯಿ ಇನ್ನೂ ಐದು ಪಿಚ್ಚರ್ ಮಾಡಿದರು. ಚೆಂಬೂರಿನ ಒಬ್ಬ ವೆಲ್ಡರನದು. ಅವನು ಮುಖದ ಕವಚ ತೆಗೆಯದೆಯೇ ಊಟದ ಡಬ್ಬಿಯ ಮುಂದೆ ಪ್ರಾರ್ಥನೆಗೆ ತಲೆಬಾಗುತ್ತಿದ್ದ, ತೆಗೆದರೆ ಜೊತೆಯವರು ಚೇಷ್ಟೆ ಮಾಡುತ್ತಾರೆಂದು. ಇನ್ನೊಂದು, ನಾಲ್ಕು ವರ್ಷದಿಂದ ಮಾತು ಬಿಟ್ಟ ಇಬ್ಬರು ವಾರಗಿತ್ತಿಯರದು. ಅವರು ಪ್ರತಿ ಭಾನುವಾರ ಒಂದೇ ಹಾಡಿನ ಪುಸ್ತಕವನ್ನು ಇಬ್ಬರೂ ಹಿಡಿದು ಹಾಡುತ್ತಿದ್ದರು. ಅವರ ಪಿಚ್ಚರ್ ಮುಗಿಯುವ ಮೊದಲೇ ಇಬ್ಬರೂ ಮಾತಾಡತೊಡಗಿದ್ದರಿಂದ ಕೊನೆಯ ಭಾಗವನ್ನು ಮತ್ತೆ ತೆಗೆಯಬೇಕಾಯಿತು. ಕನ್ನಡದಲ್ಲಿ ಪ್ರಶ್ನೆ ಕೇಳಿ ಕೇಳಿ ನಮಿತಾಳ ನಾಲಿಗೆ ಸಡಿಲವಾಯಿತು. ಈಗ ಅಪ್ಪನೊಡನೆ ಜಗಳವಾಡುವುದೂ ಕನ್ನಡದಲ್ಲೇ. ಇಂದ್ರಾಬಾಯಿ ಸೆಟ್ಟಿನ ಕೆಲಸ ಬಿಟ್ಟಿಲ್ಲ. ವಾರದಲ್ಲಿ ನಾಲ್ಕು ದಿನ ಹೋಗುತ್ತಾರೆ.

ಡಿಸೆಂಬರಿನಲ್ಲಿ ಸಭೆಯವರು ಕ್ರಿಸ್‌ಮಸ್ ಹಾಡು ಹಾಡುತ್ತ ಮನೆಮನೆಗೆ ಹೋಗುವ ರೂಢಿ. ಈ ಸಲ ದೂಜ ಬಿಲ್ಡಿಂಗಿನ ಸೆಕ್ರೆಟರಿಯನ್ನು ಕೇಳಿ, ಸಂಜೆ ಆರಕ್ಕೆ ಬನ್ನಿ ಎಂದು ಹೇಳಿಕಳಿಸಿದರು. ಇಪ್ಪತ್ತೆರಡು ಜನ ಹೋದರು. ತಾರಸಿಯ ಮೇಲೆ ಹಾಡಬೇಕಿತ್ತು. ಲಿಫ್ಟು ಹಿಡಿಯುವುದು ನಾಲ್ಕೇ ಜನ.

“ಮೆಟ್ಟಿಲು ಹತ್ತೀವಿ ಬಿಡ್ರಿ,” ಎಂದರು ಪಾಸ್ಟರ್.

“ಯಾರೂ ಮೆಟ್ಟಿಲು ಹತ್ತುವ ಹಾಗಿಲ್ಲ,” ಎಂದರು ದೂಜ.

ಮೊದಲ ನಾಲ್ವರು ಏರಿದರು. ಕೆಳಗೆ ಉಳಿದವರು ಸುಮ್ಮನೆ ನಿಲ್ಲಲಾರದೆ ಹಾಡು ಶುರು ಮಾಡಿದರು; ಲಿಫ್ಟಿನೊಳಗಿನವರೂ ದನಿ ಕೂಡಿಸಿದರು. ಜಾಲಿಬಾಗಿಲಿನ ಲಿಫ್ಟಾದ್ದರಿಂದ ಒಳಗಿನ ಹಾಡು ಎಲ್ಲ ಮಾಳಿಗೆಗೂ ಕೇಳಿಸಿತು. ಒಂದನೇ ಮಾಳಿಗೆಯವರಿಗೆ ಒಂದು ಸಾಲು, ಎರಡನೆಯವರಿಗೆ ಮುಂದಿನ ಸಾಲು. ಬಾಗಿಲುಗಳು ತೆರೆದುಕೊಂಡವು. ಎರಡನೇ ಟ್ರಿಪ್ಪಿನ ಹೊತ್ತಿಗೆ ಮಕ್ಕಳು ಹಾಡಿನ ಹಿಂದೆ ಮೆಟ್ಟಿಲು ಹತ್ತಿ ಓಡುತ್ತಿದ್ದರು. ಮೂರನೇ ಟ್ರಿಪ್ಪಿನಲ್ಲಿ ಡೋಲಕ್ಕಿಗೆ ಜಾಗ ಸಾಲಲಿಲ್ಲ. ಧನರಾಜ್ ಅದನ್ನು ತಲೆಯ ಮೇಲೆ ಹೊತ್ತು ನಿಂತರು, ಪಕ್ಕದವರು ಕೈಯೆತ್ತಿ ಅಲ್ಲೇ ಬಾರಿಸಿದರು. ತಮಿಳು ಅಜ್ಜಿ ತಟ್ಟೆಯಲ್ಲಿ ಕಡಲೆಕಾಳಿನ ಸುಂಡಲ್ ಹಿಡಿದು ಪ್ರತಿ ಟ್ರಿಪ್ಪಿಗೂ ಲಿಫ್ಟ್ ತಡೆದು ಹಂಚಿದರು. ನಾಲ್ಕನೇ ಟ್ರಿಪ್ಪಿನಲ್ಲಿ ದೇವಕ್ಕ, ಇಂದ್ರಾಬಾಯಿ ಮತ್ತು ಮುನಿಸು ಮರೆತ ಆ ಇಬ್ಬರು ವಾರಗಿತ್ತಿಯರು. ದೂಜ ಸ್ಟೂಲಿನ ಮೇಲೆ ಕೂತು ಆರೂ ಟ್ರಿಪ್ ಮಾಡಿದರು, ತುಟಿ ಆಡಿಸುತ್ತ. ಅಂದು ಅವರೂ ಹಾಡುತ್ತಿದ್ದಾರೆಂದೇ ಎಲ್ಲರೂ ತಿಳಿದರು.

ನಮಿತಾ ಅದನ್ನೆಲ್ಲ ಫೋನಿನಲ್ಲಿ ಹಿಡಿಯಲು ಮಾಳಿಗೆಯಿಂದ ಮಾಳಿಗೆಗೆ ಓಡಿದಳು. ಆಮೇಲೆ ನೋಡಿದರೆ ಬರೀ ಮೊಣಕೈ, ಡೋಲಕ್ಕಿನ ಹಗ್ಗ, ಯಾರದೋ ಬೈತಲೆ. ಒಂದು ನಿಮಿಷದಷ್ಟೂ ಸರಿಯಾಗಿ ಬಂದಿರಲಿಲ್ಲ. ರಫೀಕ ಹಿಡಿದ ದನಿ ಮಾತ್ರ ಪೂರ್ತಿ ಇತ್ತು: ಹತ್ತಿರ ಬಂದು, ದಾಟಿ, ಮೇಲೆ ಮೇಲೆ ಹೋಗುವ ಹಾಡು, ನಡುನಡುವೆ ಸುಂಡಲ್ ಜಗಿಯುವ ಸದ್ದು. ಇಂದ್ರಾಬಾಯಿ ಆ ದನಿಯನ್ನು ಏಳು ನಿಮಿಷಕ್ಕೆ ಕತ್ತರಿಸಿ ಎಂದರು. ಯಾವ ಏಳು ನಿಮಿಷ ಇಡಬೇಕು ಎಂದು ಮೂವರ ನಡುವೆ ಇನ್ನೂ ವಾದ ನಡೆದಿದೆ.